ತುಳಸಜ್ಜಿಗೆ ಏನೇನು ಗೊತ್ತಿತ್ತು

ತುಳಸಿ ಗೌಡ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೊ. 2021ರ ನವೆಂಬರ್ 8, ರಾಷ್ಟ್ರಪತಿ ಭವನ. ಅವರ ಹಾಲಕ್ಕಿ ಸಮುದಾಯದ ಹೆಂಗಸರು ದಿನಾ ಉಡುವ ಹಾಗೆಯೇ ಉಟ್ಟ ಸೀರೆ, ಕೊರಳ ತುಂಬ ಮಣಿಸರ, ಚಪ್ಪಲಿ ಇಲ್ಲದ ಕಾಲು. 2020ಕ್ಕೆ ಘೋಷಣೆಯಾಗಿದ್ದ ಪದ್ಮಶ್ರೀ ಕೊರೊನಾದಿಂದಾಗಿ ತಡವಾಗಿ ಕೈಗೆ ಬಂದಿತ್ತು. ಅವತ್ತಿನಿಂದ ಅವರ ಬಗ್ಗೆ ನಾನು ಓದಿದ ಬರಹಗಳೆಲ್ಲ ಹೆಚ್ಚುಕಡಿಮೆ ಆ ಬರಿಗಾಲಿನ ಸುತ್ತಲೇ ಸುತ್ತಿವೆ. 2024ರ ಡಿಸೆಂಬರ್ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಹೊನ್ನಳ್ಳಿಯಲ್ಲಿ ಅವರು ತೀರಿಕೊಂಡಾಗಲೂ ಎಲ್ಲರ ಸ್ಟೇಟಸ್ಸಿನಲ್ಲಿ ಅದೇ ಫೋಟೊ.

ಎಷ್ಟು ಸರಳ ಜೀವ ಅಂತ ಎಲ್ಲರೂ ಬರೆದರು. ಹೌದು, ಸರಳವಾಗಿದ್ದರು. ಆದರೆ ಹಾಲಕ್ಕಿ ಕೇರಿಗಳಲ್ಲಿ ಅವರ ವಯಸ್ಸಿನ ಹೆಂಗಸರು ಬಹಳ ಮಂದಿ ಹಾಗೇ ಉಡುತ್ತಾರೆ, ಹಾಗೇ ಬರಿಗಾಲಲ್ಲಿ ನಡೆಯುತ್ತಾರೆ. ತುಳಸಜ್ಜಿಯನ್ನು ದೆಹಲಿಯವರೆಗೆ ಕರೆದೊಯ್ದದ್ದು ಅವರ ಕಸುಬು. ಕಾಡುಮರದ ಬೀಜ ಹೆಕ್ಕಿ, ಮೊಳೆಸಿ, ಸಸಿ ಮಾಡಿ, ಕಾಡಿಗೆ ಕೊಡುವ ಕಸುಬು. ಅದರಲ್ಲಿ ಎಷ್ಟು ತಿಳಿವಳಿಕೆ ಬೇಕು ಅನ್ನುವುದನ್ನು ಯಾರೂ ಬಿಡಿಸಿ ಹೇಳಿದ್ದು ನಾನು ಕಾಣಲಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆ ಕುಮಟಾ ತಾಲೂಕಿನ ಒಂದು ಹಳ್ಳಿಯಲ್ಲಿ. ಅಂಕೋಲಾ ನಮಗೆ ಪಕ್ಕದ ತಾಲೂಕು. ಅಡಿಕೆ ತೋಟದ ಅಂಚಿನಲ್ಲಿ ಕಾಡುಗಿಡಗಳ ಸಣ್ಣ ನರ್ಸರಿ ಮಾಡಿಕೊಂಡಿದ್ದೇನೆ. ಮುರುಗಲು, ಉಪ್ಪಾಗೆ, ರಾಮಪತ್ರೆ, ಸುರಗಿ, ಸಂಪಿಗೆ, ಹೊನ್ನೆ, ಮತ್ತಿ, ಅಂಟುವಾಳ, ಅಪ್ಪೆಮಾವು ಹೀಗೆ. ತುಳಸಜ್ಜಿ ಜೊತೆ ಕೆಲಸ ಮಾಡುವ ಭಾಗ್ಯ ನನಗೆ ಸಿಗಲಿಲ್ಲ. ಆದರೆ ನನ್ನ ಜೊತೆ ಕೆಲಸಕ್ಕೆ ಬರುವ ಅಕ್ಕ ಹರೆಯದಲ್ಲಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದವರು. ಬೀಜದ ವಿಷಯದಲ್ಲಿ ನನಗೆ ಗೊತ್ತಿರುವ ಹೆಚ್ಚಿನ ಪಾಲು ಅವರು ಕಲಿಸಿದ್ದು. ಒಂದು ಹಿಡಿ ಬೀಜ ಕೈಯಲ್ಲಿ ತೂಗಿ ನೋಡಿ, "ಇದು ಹಗುರ ಅದೆ ತಂಗಿ, ಹುಟ್ಟೂದಿಲ್ಲ" ಅನ್ನುತ್ತಾರೆ. ನೀರಿಗೆ ಹಾಕಿದರೆ ಹೌದು, ಅರ್ಧಕ್ಕರ್ಧ ತೇಲುತ್ತವೆ.

ಬೀಜ ಹಾಕಿ ನೀರು ಬಿಟ್ಟರೆ ಗಿಡ ಬರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಬೆಂಡೆ, ಅಲಸಂಡೆ, ಹೆಸರು ಇವೆಲ್ಲ ಹಾಗೇ. ಒಣಗಿಸಿ, ಬೂದಿ ಸೇರಿಸಿ ಡಬ್ಬಿಯಲ್ಲಿಟ್ಟರೆ ಮುಂದಿನ ಮಳೆಗಾಲಕ್ಕೂ ಹುಟ್ಟುತ್ತವೆ. ನಮ್ಮ ಘಟ್ಟದ ದಟ್ಟ ಕಾಡಿನ ಎಷ್ಟೋ ಮರಗಳ ಬೀಜ ಹಾಗಲ್ಲ. ನೆಲ ಒದ್ದೆಯಿರುವಾಗ ಬಿದ್ದು, ಬಿದ್ದಲ್ಲೇ ಮೊಳೆಯುವುದು ಅವುಗಳ ರೂಢಿ. ಒಣಗಿದರೆ ಸತ್ತೇ ಹೋಗುತ್ತವೆ. ಆದ್ದರಿಂದ ಅವನ್ನು ತಂದಿಟ್ಟು, ಪುರುಸೊತ್ತಾದಾಗ ಹಾಕುತ್ತೇನೆ ಅಂದರೆ ಆಗುವುದಿಲ್ಲ.

ನೇರಳೆ ಬೀಜ ತೆಗೆದುಕೊಳ್ಳಿ. ಹಣ್ಣು ತಿಂದ ಹದಿನೈದು ದಿನದೊಳಗೆ ಮಣ್ಣಿಗೆ ಹೋಗಬೇಕು. ಆಮೇಲೆ ಹಾಕಿದರೆ ಹುಟ್ಟುವುದು ಬೆರಳೆಣಿಕೆಯಷ್ಟು. ಸರಿಯಾದ ಹೊತ್ತಿಗೆ ಹಾಕಿದರೆ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಏಳುವುದೂ ಉಂಟು. ಹಲಸಿನ ಬೀಜವೂ ಅಷ್ಟೇ, ತೊಳೆ ಬಿಡಿಸಿದ ಕೂಡಲೇ ಹಾಕಿದರೆ ಚೆನ್ನ. ಸಂಪಿಗೆ ಬೀಜಕ್ಕೆ ಕೆಂಪು ತಿರುಳಿನ ಹೊದಿಕೆ ಇರುತ್ತದೆ, ಹಕ್ಕಿಗಳಿಗೆ ಬಲು ಇಷ್ಟ. ಹಕ್ಕಿಗಿಂತ ಮೊದಲು ನಾವು ಹೆಕ್ಕಬೇಕು, ತಿರುಳು ಉಜ್ಜಿ ತೊಳೆಯಬೇಕು, ತಡಮಾಡದೆ ಮಡಿಗೆ ಹಾಕಬೇಕು. ರಾಮಪತ್ರೆ ಇನ್ನೂ ನಾಜೂಕು. ಹಣ್ಣು ಒಡೆದಾಗ ಒಳಗೆ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ ಕಾಣುತ್ತದೆ, ಅದನ್ನು ಕಂಡು ಮಂಗಟ್ಟೆ ಹಕ್ಕಿ ಬರುತ್ತದೆ. ಜನರೂ ಬರುತ್ತಾರೆ, ಪತ್ರೆಗೆ ಪೇಟೆಯಲ್ಲಿ ಬೆಲೆ ಇದೆಯಲ್ಲ. ಪತ್ರೆ ಬಿಡಿಸಿ ಬಿಸಿಲಿಗೆ ಬಿಟ್ಟ ಬೀಜ ನರ್ಸರಿಗೆ ಬಾರದು.

ಉಪ್ಪಾಗೆಯದು ಇದಕ್ಕೆ ತಿರುಗಾಮುರುಗಾ. ಬೀಜ ಜೀವಂತ ಇರುತ್ತದೆ, ಆದರೆ ಏಳುವುದೇ ಇಲ್ಲ. ಐದು ತಿಂಗಳು, ಆರು ತಿಂಗಳು, ಏಳು ತಿಂಗಳು ಸುಮ್ಮನೆ ಮಲಗಿರುತ್ತದೆ. ಗೊತ್ತಿಲ್ಲದವರು ಇದು ಕೊಳೆಯಿತು ಅಂತ ಮಣ್ಣು ಚೆಲ್ಲಿಬಿಡುತ್ತಾರೆ. ಮೇಲಿನ ಸಿಪ್ಪೆಯನ್ನು ಉಗುರಿನಿಂದ ಜೋಪಾನವಾಗಿ ಬಿಡಿಸಿ ಹಾಕಿದರೆ ಬೇಗ ಹುಟ್ಟುತ್ತದೆ, ಆದರೆ ಬೀಜಕ್ಕೆ ಗಾಯ ಮಾಡಿದರೆ ಅದೂ ಹೋಯಿತು. ಅದೇ ಕುಲಕ್ಕೆ ಸೇರಿದ ಮುರುಗಲು ಮಾತ್ರ ಇಷ್ಟು ಸತಾಯಿಸುವುದಿಲ್ಲ. ನೋಡಲು ಅಕ್ಕತಂಗಿಯರ ಹಾಗಿರುವ ಎರಡು ಮರಗಳ ಬೀಜಕ್ಕೆ ಎರಡು ಬೇರೆ ಉಪಚಾರ.

ಸಾಗವಾನಿ ಬೀಜವನ್ನು ಒಂದು ಸಲ ನೆನೆಸಿ, ಒಂದು ಸಲ ಬಿಸಿಲಿಗೆ ಒಣಗಿಸಿ, ಹೀಗೆ ಹಲವು ಸಲ ಮಾಡಿದರೆ ಮೊಳಕೆಗೆ ದಾರಿಯಾಗುತ್ತದೆ. ಅಂಟುವಾಳದ ಕರಿ ಬೀಜ ಕಲ್ಲಿನಷ್ಟು ಗಟ್ಟಿ. ಅದನ್ನು ಉಜ್ಜಿ, ಬಿಸಿನೀರಿಗೆ ಹಾಕಿ ಇಡಬೇಕು. ಹೊನ್ನೆ ಕಾಯಿ ದುಂಡಗೆ, ಸುತ್ತ ರೆಕ್ಕೆಯ ಹಾಗೆ ಇರುತ್ತದೆ. ಗಾಳಿಗೆ ಎಲ್ಲೋ ಹೋಗಿ ಬೀಳುತ್ತದೆ, ಮರದ ಬುಡದಲ್ಲಿ ಹುಡುಕಿದರೆ ಸಿಗುವುದು ಪೊಳ್ಳು ಕಾಯಿಗಳೇ ಜಾಸ್ತಿ.

ಇನ್ನು ಅಕೇಶಿಯಾ. ಕುದಿಯುವ ನೀರು ಹೊಯ್ದು ರಾತ್ರಿಯಿಡೀ ನೆನೆಸಿಟ್ಟರೆ ಬೆಳಿಗ್ಗೆ ಬಿತ್ತಬಹುದು, ಹುಟ್ಟುತ್ತದೆ. ವರ್ಷಗಟ್ಟಲೆ ಚೀಲದಲ್ಲಿಟ್ಟರೂ ಕೆಡುವುದಿಲ್ಲ. ಲೆಕ್ಕ ತೋರಿಸಲು ಬಹಳ ಅನುಕೂಲ. ನಮ್ಮ ಕರಾವಳಿಯ ಗುಡ್ಡಗಳೆಲ್ಲ ಅಕೇಶಿಯಾ ಆದದ್ದಕ್ಕೆ ಸೌದೆ, ಕಾಗದದ ತಿರುಳು, ಬೇಗ ಬೆಳೆಯುವುದು ಅಂತ ನಾನಾ ಕಾರಣ ಕೊಡುತ್ತಾರೆ. ಬೀಜ ಮೊಳೆಸುವುದು ಸುಲಭ ಅನ್ನುವುದೂ ಅದರಲ್ಲಿ ಒಂದು ಅಂತ ನನಗೆ ಅನಿಸುತ್ತದೆ. ಕಷ್ಟದ ಬೀಜಗಳನ್ನು ಬಲ್ಲವರು ಇಲ್ಲದಿದ್ದರೆ ನರ್ಸರಿಯಲ್ಲಿ ಸುಲಭದ ಗಿಡಗಳೇ ತುಂಬುತ್ತವೆ. ನರ್ಸರಿಯಲ್ಲಿ ಏನು ತುಂಬುತ್ತದೋ ಅದೇ ಮುಂದೆ ಗುಡ್ಡದ ಮೇಲೆ ಹೋಗುತ್ತದೆ.

ತುಳಸಜ್ಜಿ ಈ ಕಷ್ಟದ ಬೀಜಗಳನ್ನು ಬಲ್ಲವರು. ಎರಡು ವರ್ಷದ ಮಗುವಾಗಿದ್ದಾಗ ಅಪ್ಪ ಹೋದರು. ನಡೆಯುವಷ್ಟು ದೊಡ್ಡವರಾದ ಮೇಲೆ ಅವ್ವನ ಜೊತೆ ನರ್ಸರಿ ಕೆಲಸಕ್ಕೆ ಹೊರಟರು. ಶಾಲೆಗೆ ಹೋಗಲಿಲ್ಲ. ಅಗಸೂರಿನ ಅರಣ್ಯ ಇಲಾಖೆ ನರ್ಸರಿಯಲ್ಲಿ ಬೀಜದ ಮಡಿಗಳನ್ನು ನೋಡಿಕೊಂಡರು. ಸುಮಾರು 35 ವರ್ಷ ದಿನಗೂಲಿ. ಆಮೇಲೆ ಕೆಲಸ ಕಾಯಂ ಆಯಿತು, ಇನ್ನೂ 15 ವರ್ಷ ದುಡಿದರು. ಅಂದರೆ ಅರ್ಧ ಶತಮಾನ ಒಂದೇ ಕಸುಬು. ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಕಾಯಿ ಯಾವಾಗ ಬಲಿಯುತ್ತದೆ, ಬಿದ್ದ ಮೇಲೆ ಎಷ್ಟು ದಿನದೊಳಗೆ ಹೆಕ್ಕಬೇಕು, ಯಾವ ಬೀಜಕ್ಕೆ ಯಾವ ಉಪಚಾರ, ಇದೆಲ್ಲ ಬರೆದಿಟ್ಟುಕೊಳ್ಳದೆ ತಲೆಯಲ್ಲಿತ್ತು. ಇದರಲ್ಲಿ ಇನ್ನೊಂದು ತೊಡಕೂ ಇದೆ. ಕಾಡುಮರ ಪ್ರತಿವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಕೆಲವು ಒಂದು ವರ್ಷ ಬಿಟ್ಟರೆ ಎರಡು ಮೂರು ವರ್ಷ ಸುಮ್ಮನಿರುತ್ತವೆ. ಬಿಟ್ಟ ವರ್ಷ ಹೆಕ್ಕದಿದ್ದರೆ ಅವಕಾಶ ತಪ್ಪಿತು. ಹಾಗಾಗಿ ವರ್ಷವಿಡೀ ಕಾಡಿನ ಮೇಲೆ ಕಣ್ಣು ಇಟ್ಟಿರಬೇಕಾಗುತ್ತದೆ.

ಅವರ ಬಗ್ಗೆ ಎಲ್ಲರೂ ಹೇಳುವ ಇನ್ನೊಂದು ಮಾತು, ತಾಯಿ ಮರ ಗುರುತಿಸುವುದು. ಕಾಡಿನಲ್ಲಿ ಒಂದು ಜಾತಿಯ ಮರಗಳಲ್ಲಿ ಯಾವುದು ತಾಯಿ ಅಂತ ತುಳಸಜ್ಜಿ ನೋಡಿದ ಕೂಡಲೇ ಹೇಳುತ್ತಿದ್ದರಂತೆ. ಇದನ್ನು ಏನೋ ದೈವದತ್ತ ಶಕ್ತಿ ಅನ್ನುವ ಹಾಗೆ ಬರೆದವರೂ ಇದ್ದಾರೆ. ಅರಣ್ಯ ವಿಜ್ಞಾನ ಓದಿದವರು ಇದನ್ನೇ ಪ್ಲಸ್ ಟ್ರೀ ಆರಿಸುವುದು ಅನ್ನುತ್ತಾರೆ. ಗಟ್ಟಿ ಕಾಂಡ, ರೋಗವಿಲ್ಲದ ಎಲೆ, ನಡುವಯಸ್ಸು ದಾಟಿದರೂ ತುಂಬಿ ಕಾಯಿ ಬಿಡುವ ಗುಣ, ಸುತ್ತ ತನ್ನದೇ ಜಾತಿಯ ಮರಗಳ ಬಳಗ. ಈ ಕೊನೆಯದು ಬಹಳ ಮುಖ್ಯ. ರಸ್ತೆ ಪಕ್ಕ ಒಂಟಿಯಾಗಿ ನಿಂತ ಮರದ ಬೀಜ ಹೆಕ್ಕುವುದು ಸುಲಭ, ಕೆಳಗೆ ಸ್ವಚ್ಛವಾಗಿ ಬಿದ್ದಿರುತ್ತದೆ. ಆದರೆ ಸುತ್ತ ಬೇರೆ ಮರ ಇಲ್ಲದಿದ್ದರೆ ಪರಾಗ ಎಲ್ಲಿಂದ ಬರಬೇಕು? ಬೀಜ ಪೊಳ್ಳಾಗುತ್ತದೆ, ಹುಟ್ಟಿದರೂ ಸಸಿ ಬಡವಾಗುತ್ತದೆ. ಒಳ್ಳೆಯ ಬೀಜ ಬೇಕು ಅಂದರೆ ಕಾಡಿನೊಳಗೆ ನಡೆಯಬೇಕು, ಒಂದಕ್ಕಿಂತ ಹೆಚ್ಚು ಮರದಿಂದ ತರಬೇಕು. ಐವತ್ತು ವರ್ಷ ಅದನ್ನೇ ನೋಡಿದ ಕಣ್ಣಿಗೆ ತಾಯಿ ಮರ ತಿಳಿಯುವುದರಲ್ಲಿ ಪವಾಡ ಏನಿಲ್ಲ. ಅದು ವಿದ್ಯೆ.

ಮೊಳಕೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಹದವಾಗಿ ಸೇರಿಸಿ ಕೊಟ್ಟೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ತುಂಬಬೇಕು. ಮರಳು ಕಡಿಮೆಯಾದರೆ ನೀರು ನಿಲ್ಲುತ್ತದೆ, ಜಾಸ್ತಿಯಾದರೆ ನೆಡುವಾಗ ಮಣ್ಣಿನ ಗಡ್ಡೆ ಒಡೆದು ಬೇರು ಕಿತ್ತುಬರುತ್ತದೆ. ಎಳೆಯ ಸಸಿಗೆ ನೆರಳು ಬೇಕು. ಒಂದಷ್ಟು ಬೆಳೆದ ಮೇಲೆ ಕೊಟ್ಟೆಗಳನ್ನು ಆಗಾಗ ಎತ್ತಿ ಜಾಗ ಬದಲಿಸುತ್ತಿರಬೇಕು. ಇಲ್ಲದಿದ್ದರೆ ಬೇರು ಕೊಟ್ಟೆ ತೂತು ಮಾಡಿಕೊಂಡು ನೆಲಕ್ಕಿಳಿಯುತ್ತದೆ. ಆಗ ಗಿಡ ನೋಡಲು ದಷ್ಟಪುಷ್ಟ ಕಾಣುತ್ತದೆ, ಸಾಗಿಸಲು ಎತ್ತಿದ ದಿನ ಬೇರು ಹರಿದು ಬಾಡುತ್ತದೆ. ನೆಡುವ ಒಂದು ತಿಂಗಳು ಮೊದಲು ನೆರಳು ತೆಗೆಯಬೇಕು, ನೀರು ಕಡಿಮೆ ಮಾಡಬೇಕು, ಗಿಡವನ್ನು ಬಿಸಿಲಿಗೆ ಒಗ್ಗಿಸಬೇಕು. ಇಷ್ಟೆಲ್ಲ ಮಾಡುವವರು ಹೆಂಗಸರು, ಹೆಚ್ಚಿನವರು ದಿನಗೂಲಿಯವರು. ಗಿಡ ನೆಡುವ ಫೋಟೊದಲ್ಲಿ ಇವರು ಇರುವುದಿಲ್ಲ.

ಹೋದ ವರ್ಷ ಒಂದು ಸಂಸ್ಥೆಯವರು ಜೂನ್ 5ರ ಪರಿಸರ ದಿನಕ್ಕೆ ಗಿಡ ಬೇಕು ಅಂತ ಬಂದಿದ್ದರು. ಯಾವ ಗಿಡ ಅಂತ ಅವರು ಹೇಳಲಿಲ್ಲ, ಎಷ್ಟು ಎತ್ತರ ಬೇಕು ಅಂತ ಹೇಳಿದರು. ಫೋಟೊದಲ್ಲಿ ಕಾಣುವಷ್ಟು ಎತ್ತರ ಇರಲಿ ಅಂದರು. ಸಣ್ಣ ಕೊಟ್ಟೆಯಲ್ಲಿ ಎತ್ತರ ಬೆಳೆದ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತದೆ, ನೆಟ್ಟರೂ ಗಟ್ಟಿಯಾಗಿ ನಿಲ್ಲುವುದಿಲ್ಲ ಅಂತ ಅಕ್ಕ ಎಷ್ಟೋ ಹೇಳಿದರು. ಅವರು ಬೇರೆ ಕಡೆ ಹೋಗಿ ತೆಗೆದುಕೊಂಡರು. ಅವರ ಕಾರ್ಯಕ್ರಮದ ಬ್ಯಾನರಿನಲ್ಲಿ ತುಳಸಜ್ಜಿಯ ಅದೇ ಫೋಟೊ ಇತ್ತು. ನನಗೆ ಬೇಜಾರಾದದ್ದು ಅದಕ್ಕೆ. ಅವರ ಮುಖ ಬೇಕು, ಅವರು ಜೀವನವಿಡೀ ಮಾಡಿ ತೋರಿಸಿದ ರೀತಿ ಬೇಡ.

ಅವರು ನೆಟ್ಟ ಗಿಡ ಎಷ್ಟು ಅನ್ನುವ ಲೆಕ್ಕವೂ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಕೆಲವರು 30,000 ಬರೆಯುತ್ತಾರೆ, ಕೆಲವರು ಲಕ್ಷ ಬರೆಯುತ್ತಾರೆ. ನರ್ಸರಿಯಲ್ಲಿ ಐವತ್ತು ವರ್ಷ ದುಡಿದವರ ಕೈಯಿಂದ ದಾಟಿ ಹೋದ ಸಸಿಗಳನ್ನು ಎಣಿಸುವುದು ಹೇಗೆ? ಅವರ ಹೆಸರಿಗೆ ದೇಶ ಕಿವಿಗೊಡುವ ಮೊದಲೇ, 1986ರಲ್ಲಿ, ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂದಿತ್ತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. ಹಿರಿಯ ಅರಣ್ಯಾಧಿಕಾರಿಯಾಗಿದ್ದ ಅ.ನ. ಯಲ್ಲಪ್ಪ ರೆಡ್ಡಿಯವರಂಥವರು ಅವರ ತಿಳಿವಳಿಕೆಯನ್ನು ಗುರುತಿಸಿ ಮಾತಾಡಿದರು. ಇಲಾಖೆಯೊಳಗೆ ಒಬ್ಬ ಅಧಿಕಾರಿ ದಿನಗೂಲಿ ಹೆಂಗಸಿನ ವಿದ್ಯೆಯನ್ನು ವಿದ್ಯೆ ಅಂತ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆ ಒಪ್ಪಿಗೆ ನನಗೆ ಪದ್ಮಶ್ರೀಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಸಾಲುಮರದ ತಿಮ್ಮಕ್ಕನವರ ಕತೆಯಲ್ಲೂ ಇದೇ ಆಗಿದೆ. 2025ರ ನವೆಂಬರ್ 14ರಂದು ಅವರು ಹೋದಾಗ ಟಿವಿಯಲ್ಲಿ ದಿನವಿಡೀ ಒಂದೇ ಮಾತು: ಮಕ್ಕಳಿಲ್ಲದ ತಾಯಿ ಮರಗಳನ್ನೇ ಮಕ್ಕಳೆಂದುಕೊಂಡಳು. ಆ ಮಾತು ಸುಳ್ಳಲ್ಲ, ಅವರೇ ಹಾಗೆ ಹೇಳಿಕೊಂಡಿದ್ದಾರೆ. ಆದರೆ ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಮರಗಳು ಬದುಕಿದ್ದು ಬರೀ ಪ್ರೀತಿಯಿಂದಲ್ಲ. ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ ಇಬ್ಬರೂ ಕೂಲಿ ಮಾಡುವವರು. ಅವರು ಮಾಡಿದ್ದನ್ನು ಒಂದೊಂದಾಗಿ ನೋಡಿ. ಊರ ಸುತ್ತ ಆಲ ಚೆನ್ನಾಗಿ ಬರುತ್ತಿತ್ತು, ಆ ಮರಗಳಿಂದಲೇ ಸಸಿ ಮಾಡಿಕೊಂಡರು. ಅಂದರೆ ಆ ನೆಲಕ್ಕೆ ಒಗ್ಗಿದ ಮರವನ್ನೇ ಆರಿಸಿಕೊಂಡರು. ಮೊದಲ ವರ್ಷ ನೆಟ್ಟದ್ದು ಬರೀ 10. ಎರಡನೇ ವರ್ಷ 15. ಮೂರನೇ ವರ್ಷ 20. ಎಷ್ಟಕ್ಕೆ ನೀರು ಹೊರಲು ಸಾಧ್ಯವೋ ಅಷ್ಟೇ. ಮಳೆಗಾಲ ನೋಡಿ ನೆಟ್ಟರು, ಮೊದಲ ಕೆಲವು ತಿಂಗಳು ಮಳೆಯೇ ಸಾಕಲಿ ಅಂತ. ಆಮೇಲೆ ಬೇಸಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತು ನಾಲ್ಕು ಕಿಲೋಮೀಟರ್ ನಡೆದು ಹಾಕಿದರು. ದನ ಮೇಯದ ಹಾಗೆ ಪ್ರತಿ ಗಿಡದ ಸುತ್ತ ಮುಳ್ಳಿನ ಬೇಲಿ ಕಟ್ಟಿದರು.

10, 15, 20 ಅನ್ನುವ ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಗೌರವ ಇನ್ನೂ ಹೆಚ್ಚಾಗುತ್ತದೆ. ಒಂದೇ ದಿನ ಲಕ್ಷ ಗಿಡ, ಕೋಟಿ ಗಿಡ ಅಂತ ದಾಖಲೆ ಮಾಡುವ ಕಾರ್ಯಕ್ರಮಗಳನ್ನು ಬೇಕಾದಷ್ಟು ನೋಡಿದ್ದೇವೆ ಅಲ್ವಾ? ಅಲ್ಲಿ ಬೇಲಿ ಯಾರು ಕಟ್ಟುತ್ತಾರೆ, ಮಾರ್ಚಿನಲ್ಲಿ ನೀರು ಯಾರು ಹೊರುತ್ತಾರೆ ಅಂತ ಒಬ್ಬರೂ ಕೇಳುವುದಿಲ್ಲ. ತಿಮ್ಮಕ್ಕ ದಂಪತಿಗೆ ತಮ್ಮ ತೋಳಿನ ಶಕ್ತಿ ಎಷ್ಟು ಅಂತ ಗೊತ್ತಿತ್ತು. ಅಷ್ಟರೊಳಗೆ ಕೆಲಸ ಇಟ್ಟುಕೊಂಡರು. ಅದಕ್ಕೇ ಸಾಲು ಉಳಿಯಿತು. 1991ರಲ್ಲಿ ಚಿಕ್ಕಯ್ಯ ಹೋದರು. ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಆ ನೀರಿನ ಕೊಡಗಳಲ್ಲಿ ಅರ್ಧ ಅವರೂ ಹೊತ್ತದ್ದು.

2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಕೊಡುವಾಗ ಅವರು ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದ್ದನ್ನು ದೇಶವೇ ನೋಡಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಿಂದ ಅವರ ಮರಗಳಿಗೇ ಕುತ್ತು ಬಂತು. ನೂರು ದಾಟಿದ ಆ ಜೀವ ಮುಖ್ಯಮಂತ್ರಿಗಳ ಬಳಿ ಹೋಗಿ ನನ್ನ ಮರ ಕಡಿಯಬೇಡಿ ಅಂತ ಕೇಳಬೇಕಾಯಿತು. ಮರಗಳನ್ನು ಉಳಿಸುವ ಭರವಸೆ ಸಿಕ್ಕಿತು, ಸಂತೋಷ. ಆದರೆ ಅವರು ಕೇಳಬೇಕಾಗಿ ಬಂದದ್ದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅಷ್ಟು ಹೆಸರಿಲ್ಲದ ಯಾರೋ ನೆಟ್ಟ ಸಾಲುಮರಗಳಿಗೆ ಕೇಳುವವರು ಯಾರು? ನಮ್ಮೂರ ಕಡೆ ಹೆದ್ದಾರಿ ಅಗಲವಾದಾಗ ಹೋದ ಮಾವು, ಹಲಸು, ಹೊಂಗೆಗಳನ್ನು ನೆಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ.

ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕರು ನನಗೆ ಇನ್ನೊಬ್ಬ ಗುರು. ಬಂಟ್ವಾಳ ತಾಲೂಕು, ಅಡ್ಯನಡ್ಕದ ಹತ್ತಿರ. ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತುವ ಕೂಲಿ. ಸಿಕ್ಕ ಎರಡು ಎಕರೆ ಜಾಗ ಬೋಳು ಗುಡ್ಡದ ಇಳಿಜಾರು, ನೀರಿನ ಹೆಸರಿಲ್ಲ. ಹಗಲು ಕೂಲಿ ಮುಗಿಸಿ ಬಂದು ರಾತ್ರಿ ಎಣ್ಣೆ ದೀಪದ ಬೆಳಕಿನಲ್ಲಿ ಪಿಕ್ಕಾಸಿ ಹಿಡಿದು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲು ಗುಡ್ಡಗಳಲ್ಲಿ ಇದು ಹಳೆಯ ಪದ್ಧತಿ. ಕಲ್ಲಿನ ಸೆರೆಯಲ್ಲಿ ಜಿನುಗುವ ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಾಯ್ಕರು ಕೊರೆದ ಐದು ಸುರಂಗಗಳಲ್ಲಿ ನೀರು ಬರಲಿಲ್ಲ. ವರ್ಷಗಳ ಶ್ರಮ ಅದು. ಊರವರು ಹುಚ್ಚು ಅಂದರು. ಅವರು ಬಿಡಲಿಲ್ಲ, ಕೊನೆಗೆ ನೀರು ಬಂತು, ಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀ. ಅವರ ಛಲದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆದರೆ ಗುಡ್ಡದ ಮೇಲಿನ ಗಿಡ ನೋಡಿ, ಕಲ್ಲಿನ ತೇವ ಮುಟ್ಟಿ ನೀರಿನ ಜಾಡು ಹಿಡಿಯುವ ಸುರಂಗದವರ ವಿದ್ಯೆ ಈಗ ಕೆಲವೇ ಕೆಲವರ ಕೈಯಲ್ಲಿ ಉಳಿದಿದೆ. ಬೋರ್‌ವೆಲ್ ಲಾರಿ ಬಂದ ಮೇಲೆ ಅದನ್ನು ಕಲಿಯುವವರು ಕಡಿಮೆ.

ಓದಿದವರು, ಹೆಸರಿದ್ದವರು ಪರಿಸರಕ್ಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಅವರೂ ಬೇಕು, ಖಂಡಿತ ಬೇಕು. ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆ ಇಟ್ಟುಕೊಂಡು ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರು. ಕೈಗಾ ಅಣುಸ್ಥಾವರದ ವಿರುದ್ಧ ದನಿ ಎತ್ತಿದ್ದರು. ಗೆಲ್ಲಲಿಲ್ಲ. ಆದರೆ ಅಷ್ಟು ದೊಡ್ಡ ಲೇಖಕರು ಹಳ್ಳಿ ಹಳ್ಳಿಗೆ ಬಂದು ಕಾಡಿನ ಬಗ್ಗೆ ಮಾತಾಡಿದ್ದನ್ನು ನಮ್ಮ ಮಾವ ಈಗಲೂ ಹೇಳುತ್ತಾರೆ. ಅದಕ್ಕೂ ಮೊದಲು, 1983ರ ಸೆಪ್ಟೆಂಬರ್ 8ರಂದು, ಶಿರಸಿ ಹತ್ತಿರ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. 38 ದಿನ ನಡೆಯಿತು ಆ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರು ಮುಂದೆ ನಿಂತರು, ಹಿಮಾಲಯದಿಂದ ಸುಂದರಲಾಲ್ ಬಹುಗುಣರು ಬಂದು ಬೆಂಬಲ ಕೊಟ್ಟರು. ಉಳಿಸು, ಬೆಳೆಸು, ಬಳಸು ಅನ್ನುವುದು ಆ ಚಳವಳಿಯ ಘೋಷಣೆ. ಉಳಿಸುವುದಕ್ಕೆ ಕೂಗಬೇಕು, ಅದಕ್ಕೆ ಮುಂದಾಳುಗಳು ಬೇಕು. ಬೆಳೆಸುವುದಕ್ಕೆ ಮಾತ್ರ ತುಳಸಜ್ಜಿಯಂಥವರೇ ಬೇಕು. ಕಡಿಯುವುದನ್ನು ನಿಲ್ಲಿಸಿದ ಮೇಲೆ ಬೋಳಾದ ಗುಡ್ಡದಲ್ಲಿ ಮತ್ತೆ ರಾಮಪತ್ರೆ ಬರಬೇಕು ಅಂದರೆ ಬೀಜ ಬಲ್ಲ ಕೈ ಇಲ್ಲದೆ ಆಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದನ್ನು ಹೇಳುತ್ತೇನೆ. ಇವತ್ತಿಗೂ ನಮ್ಮ ಜಿಲ್ಲೆಯ ಅರಣ್ಯ ನರ್ಸರಿಗಳಲ್ಲಿ ದಿನಗೂಲಿಗೆ ಬರುವ ಹೆಂಗಸರಿದ್ದಾರೆ. ಹಾಲಕ್ಕಿಯವರು, ಸಿದ್ದಿಗಳು, ಕುಣಬಿಗಳು, ಗೊಂಡರು, ಹೀಗೆ ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವರು. ಇವರಲ್ಲಿ ಒಬ್ಬೊಬ್ಬರಿಗೂ ಏನೋ ಒಂದು ಬೀಜದ ಗುಟ್ಟು ಗೊತ್ತಿರುತ್ತದೆ. ಅದನ್ನು ಅವರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡಿಡಬೇಕು. ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಶಾಲೆಗಳಲ್ಲಿ ಪರಿಸರ ದಿನದ ಭಾಷಣಕ್ಕೆ ಅತಿಥಿಗಳನ್ನು ಕರೆಯುತ್ತಾರಲ್ಲ, ಒಂದು ವರ್ಷ ಇವರನ್ನು ಕರೆಯಿರಿ. ಭಾಷಣ ಬೇಡ, ಮಕ್ಕಳ ಜೊತೆ ಕೂತು ಕೊಟ್ಟೆ ತುಂಬಲಿ. ಕರೆದವರು ಅವತ್ತಿನ ಕೂಲಿ ಕೊಡಬೇಕು, ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಕೊಡಬೇಕು. ಶಾಲು ಹೊದಿಸಿ ಕಳಿಸಿದರೆ ಸಾಲದು, ಒಂದು ದಿನದ ದುಡಿಮೆ ಬಿಟ್ಟು ಬಂದಿರುತ್ತಾರೆ.

ಗಿಡ ಕೊಳ್ಳಲು ಬರುವವರಿಗೂ ಒಂದು ಮಾತು. ಎತ್ತರ ನೋಡಬೇಡಿ, ಕಾಂಡದ ಬುಡ ದಪ್ಪ ಇದೆಯಾ ನೋಡಿ. ಕೊಟ್ಟೆ ಎತ್ತಿ ಬೇರು ಹೊರಗೆ ಬಂದಿದೆಯಾ ನೋಡಿ. ಬೀಜ ಎಲ್ಲಿಂದ ತಂದದ್ದು ಅಂತ ಕೇಳಿ. ಒಳ್ಳೆಯ ನರ್ಸರಿಯವರು ಆ ಮರ ಎಲ್ಲಿದೆ ಅಂತ ಹೇಳುತ್ತಾರೆ. ನಾಲ್ಕೇ ಗಿಡ ಕೊಳ್ಳಿ, ಪರವಾಗಿಲ್ಲ. ಬೇಸಗೆಯಲ್ಲಿ ನೀರು ಹಾಕಲು ಆಗುವಷ್ಟೇ ಕೊಳ್ಳಿ. ಬೇಲಿಗೆ ಮುಳ್ಳು ಮೊದಲೇ ಕಡಿದಿಟ್ಟುಕೊಳ್ಳಿ.

ನಮ್ಮ ಅಕ್ಕನ ಮಾತುಗಳನ್ನು ನಾನು ಈ ಮಳೆಗಾಲದಿಂದ ರೆಕಾರ್ಡ್ ಮಾಡಲು ಶುರು ಮಾಡಿದ್ದೇನೆ. ಮೊದಲು ನಾಚಿಕೊಂಡರು, ಇದೆಲ್ಲ ಯಾರು ಕೇಳ್ತಾರೆ ಅಂದರು. ಈಗ ಅವರೇ ನೆನಪಾದಾಗ ಕರೆಯುತ್ತಾರೆ, "ತಂಗಿ, ಮೊಬೈಲ್ ತಕಂಬಾ" ಅಂತ. ಮತ್ತಿ, ಹೊನ್ನೆ, ಸುರಗಿ ಮುಗಿದಿದೆ. ರಾಮಪತ್ರೆಯದು ಅರ್ಧ ಆಗಿದೆ. ಒಂದೊಂದಾಗಿ ಇಲ್ಲೇ ಬರೆದು ಹಾಕುತ್ತೇನೆ. ಉಪ್ಪಾಗೆ ಬೀಜ ಬೇಕಾದವರು ಈಗಲೇ ತಿಳಿಸಿ. ಹಣ್ಣು ಬೀಳಲು ಶುರುವಾಗಿದೆ. ಹಣ್ಣಿನ ಸಮೇತವೇ ಕೊಡುತ್ತೇನೆ, ಒಯ್ದ ದಿನವೇ ಹಣ್ಣಿನಿಂದ ಬೀಜ ಬಿಡಿಸಿ ಮಡಿಗೆ ಹಾಕಬೇಕು. ಮುಂದಿನ ಜನವರಿವರೆಗೂ ಏನೂ ಏಳದಿದ್ದರೆ ಹೆದರಬೇಡಿ, ಮಣ್ಣು ಒಣಗದ ಹಾಗೆ ನೀರು ಕೊಡುತ್ತಾ ಇರಿ.